ಕಾಟಾದ ಮೇಲಿನ ಹೆಬ್ಬೆರಳು

ಬಸವರಾಜನ ತೂಕ ಹೆಚ್ಚಿರಲಿಲ್ಲ. ಹೆಚ್ಚಿಸಿದ್ದು ನಾನು — ನನ್ನ ಕಾಲಿನ ಹೆಬ್ಬೆರಳಿನಿಂದ.

ತೊಂಬತ್ತರ ದಶಕದ ಮಾತು. ಶಿಕಾರಿಪುರದ ನಮ್ಮ ಕಬಡ್ಡಿ ತಂಡ ಸೊರಬದ ಪಂದ್ಯಾವಳಿಗೆ ಹೊರಟಿತ್ತು. ಐವತ್ತೈದು ಕಿಲೋ ಮೀರಿದವರನ್ನು ಅಲ್ಲಿ ಅಂಗಳಕ್ಕೇ ಬಿಡುತ್ತಿರಲಿಲ್ಲ. ಏಳು ಜನರ ಸಾಲಿನಲ್ಲಿ ಎಡ ಮೂಲೆ ತೊಗರ್ಸಿಯ ಬಸವರಾಜನದು. ದಾಳಿಗೆ ಬಂದವನ ಕಣಕಾಲಿಗೆ ಅವನು ಕೈ ಹಾಕಿದನೆಂದರೆ ಮುಗಿಯಿತು, ಉಳಿದವರು ಮೇಲೆ ಬೀಳುವುದಷ್ಟೇ ಬಾಕಿ. ನಾನು ಎಂಟನೆಯವನು. ಎರಡು ವರ್ಷದಿಂದ ಗೆರೆಯಾಚೆ ಕೂತು ಇವರ ಬಟ್ಟೆ ಕಾಯುತ್ತಿದ್ದೆ.

ಹೊರಡುವ ಮುನ್ನಾದಿನ ನಾಯಕ ಮಹೇಶಪ್ಪ ಎಲ್ಲರನ್ನೂ ನಮ್ಮಪ್ಪನ ಭತ್ತದ ಮಂಡಿಗೆ ಕರೆತಂದ, ಕಾಟಾದ ಮೇಲೆ ನಿಲ್ಲಿಸಿ ತೂಕ ನೋಡಲು. ನೋಡಿ ಹೇಳುವ ಕೆಲಸ ನನಗೆ. ಬಸವರಾಜ ಮೂರು ದಿನದಿಂದ ಬರೀ ಮಜ್ಜಿಗೆಯಲ್ಲಿದ್ದ, ತುಟಿ ಒಡೆದಿತ್ತು. ಅವನು ಹಲಗೆ ಹತ್ತಿದಾಗ — ಮೊದಲೇ ಯೋಚಿಸಿದ್ದೆನೋ ಇಲ್ಲವೋ... ಇಲ್ಲ, ಯೋಚಿಸಿದ್ದೆ. ಚೀಲದ ಮರೆಯಲ್ಲಿ ಕಾಲು ಚಾಚಿ ಹಲಗೆಯ ಅಂಚನ್ನು ಒತ್ತಿದೆ.

"ಎರಡು ಕಿಲೋ ಜಾಸ್ತಿ ಐತಿ," ಎಂದೆ.

ಅವನು ಮುಳ್ಳನ್ನೇ ನೋಡಿದ. ಇಳಿದು ನನ್ನ ಹೆಗಲ ಮೇಲೆ ಕೈಯಿಟ್ಟ. "ಆತು ಬಿಡು, ನೀನೇ ಆಡು. ಪಕ್ಕದೋನ ಕೈ ಮಾತ್ರ ಬಿಡಬ್ಯಾಡ."

ಫೈನಲ್‌ನಲ್ಲಿ ಬಿಟ್ಟೆ. ಎದುರಾಳಿ ನನ್ನ ಮೂಲೆಗೇ ನುಗ್ಗಿದ. ಹೆದರಿ ಕೈ ಬಿಡಿಸಿಕೊಂಡೆ. ಸಾಲು ಒಡೆಯಿತು, ಮೂವರನ್ನು ಮುಟ್ಟಿ ಅವನು ದಾಟಿಹೋದ. ಒಂದೇ ಅಂಕದಲ್ಲಿ ಸೋತೆವು.

ಲಾರಿಯಲ್ಲಿ ಮರಳುವಾಗ ಮಹೇಶಪ್ಪ ಬೈದದ್ದು ನನ್ನನ್ನಲ್ಲ. "ನಾಕು ದಿನ ಬಾಯಿ ಕಟ್ಟಾಕೆ ಆಗ್ಲಿಲ್ಲೇನೋ ಬಸ್ಯಾ, ಹೊಟ್ಟೆಬಾಕ!"

"ತಪ್ಪಾತು," ಎಂದ ಬಸವರಾಜ. ಆಟದಲ್ಲಿ ಉಳುಕಿದ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದ. ನಾನು — ಬಾಯಿ ಬಿಡಲಿಲ್ಲ. ಕಾಲನ್ನೂ ಎಳೆದುಕೊಳ್ಳಲಿಲ್ಲ.

ಆಮೇಲೆ ಅವನು ಆಡಲೇ ಇಲ್ಲ. ಹೊಟ್ಟೆಬಾಕ ಎಂಬ ಹೆಸರು ಮಾತ್ರ ಅವನ ಬೆನ್ನು ಬಿಡಲಿಲ್ಲ. ಆ ಹೆಸರಿಗೆ ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಹೋದ ವಾರ ತೊಗರ್ಸಿಗೆ ಹೋಗಿ ಹೇಳಿದೆ. ಬಸವರಾಜ ಜಗಲಿಯ ಮೇಲೆ ಕೂತಿದ್ದ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಒಳಕ್ಕೆ ತಿರುಗಿ ಹೆಂಡತಿಯನ್ನು ಕರೆದ.

"ಬಾ ಇಲ್ಲಿ. ಇವ ಏನೋ ಹೇಳ್ತಾನ, ಕೇಳು." ಮತ್ತೆ ನನ್ನತ್ತ ನೋಡಿ, "ಇನ್ನೊಮ್ಮೆ ಹೇಳು. ಮದುವಿ ಆದಾಗಿಂದ ಇಕಿನೂ ಅದ ಹೆಸರಿಂದ ನನ್ನ ಆಡಿಕೊಳ್ತಾಳ."

ಆಕೆ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಹೇಳಿದೆ.

ತಂಡದ ಉಳಿದ ಆರು ಜನರ ಮನೆಗಳಿಗೆ ಇನ್ನೂ ಹೋಗಬೇಕಿದೆ. ನಾಳೆ ಮಹೇಶಪ್ಪನ ಮನೆ.