ಸೀದ ರೊಟ್ಟಿಯ ಪದ್ಯ

ಇವತ್ತು ಪಕ್ಕದ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಮನಸ್ಸು ನಮ್ಮೂರು ಸೊಕ್ಕೆಯ ಒಲೆ ಮುಂದೆ ಹೋಗಿ ಕೂತಿತು.

ಅವ್ವ ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಶಾಲೆಯ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಅವಳ ಕೈಯ ಟಪಟಪ ಸದ್ದೇ ನನಗೆ ತಾಳ. ಅವತ್ತಿನ ಪದ್ಯದಲ್ಲಿ ತುಂಬಿದ ಹೊಳೆಯೊಂದಿತ್ತು. ಮೇಷ್ಟ್ರು ಬರೆಸಿದ್ದ ಸಾರಾಂಶವೂ ನನಗೆ ಬರುತ್ತಿತ್ತು. ಹೊಳೆಯ ಸಾಲು ಓದುತ್ತಿದ್ದಂತೆ ತಾಳ ನಿಂತುಹೋಯಿತು. ಸೊಕ್ಕೆಯಲ್ಲಿ ಹೊಳೆಯಿಲ್ಲ. ಅವ್ವನ ತವರು ಹೊನ್ನಾಳಿ, ಹೊಳೆ ದಂಡೆಯ ಮನೆ.

“ರೊಟ್ಟಿ ಸೀಯ್ತಾ ಐತಲ್ಲೇ, ಗ್ಯಾನ ಎಲ್ಲೈತೆ?” ಅಂತ ಅಜ್ಜಿ ಪಡಸಾಲೆಯಿಂದ ಗದರಿದಳು.

ಅವ್ವ ಕಪ್ಪಾದ ರೊಟ್ಟಿಯನ್ನು ತನ್ನ ತಟ್ಟೆಗೇ ಹಾಕಿಕೊಂಡಳು. ಆಮೇಲೆ ಮೆಲ್ಲಗೆ, “ಆ ಹೊಳೆ ಬಂತಲ್ಲ, ಅದನ್ನ ಇನ್ನೊಂದ್ಸಲ ಓದು” ಅಂದಳು.

ಸಾರಾಂಶ ಕೇಳಲೇ ಇಲ್ಲ.

ಪಕ್ಕದ ಮನೆಯವರು ಹೊಗೆ ಹೋಗಲಿ ಅಂತ ಕಿಟಕಿ ತೆರೆದಿದ್ದಾರೆ. ಒಳಗೆ ಯಾವ ಮಗು ಏನು ಓದುತ್ತಿದೆಯೋ ಅಂತ ಕಿವಿಗೊಟ್ಟು ನಿಂತಿದ್ದೇನೆ.