ಗೊಂಬೆಯ ಬುಡದ ಇಂಟು ಮಾರ್ಕು

ಆ ಬೇಸಿಗೆಯಲ್ಲಿ ನಾನು ಯಾರ ಮನೆಗೆ ಹೋದರೂ ಮೊದಲು ಶೋಕೇಸಿನ ಗೊಂಬೆಯನ್ನು ಎತ್ತಿ ತಲೆಕೆಳಗು ಮಾಡುತ್ತಿದ್ದೆ. ಹಳೆಯ ಪಿಂಗಾಣಿ ಗೊಂಬೆಯ ಜಾತಕ ಇರುವುದು ಅದರ ಬುಡದಲ್ಲಿ ಎಂದು ಮೊಬೈಲಿನ ವಿಡಿಯೊಗಳು ಕಲಿಸಿದ್ದವು. ತಯಾರಿಸಿದವರ ಗುರುತು ನೋಡಬೇಕು, ಉಗುರಿನಿಂದ ತಟ್ಟಿ ಸದ್ದು ಕೇಳಬೇಕು, ಮುರಿದ ಬೆರಳನ್ನು ಅಂಟಿಸಿದ್ದಾರೋ ಎಂದು ಸವರಿ ನೋಡಬೇಕು. ಮೂವತ್ತು ವರ್ಷ ರಾಜಧಾನಿಯಲ್ಲಿ ಕೇಂದ್ರ ಸರ್ಕಾರದ ಫೈಲು ತಿರುವಿದವನಿಗೆ ನಿವೃತ್ತಿಯೊಳಗೆ ಒಂದು ಸಲವಾದರೂ 'ತಜ್ಞ' ಅನ್ನಿಸಿಕೊಳ್ಳುವ ಆಸೆ.

ಹೆಂಡತಿ ಮೈಸೂರಿಗೆ, ತವರಿಗೆ ಹೋಗಿದ್ದಳು. ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನ ಅಟ್ಟದಲ್ಲಿ ಏರ್ ಕೂಲರಿನ ಬದಿಗೆ ತುಂಬುವ ಹುಲ್ಲು ಹುಡುಕುತ್ತಿದ್ದಾಗ ಅವಳ ನವರಾತ್ರಿ ಗೊಂಬೆಗಳ ಪೆಟ್ಟಿಗೆ ಸಿಕ್ಕಿತು. ತಳಕ್ಕೆ ಹಾಸಿದ ಹಳೇ ಸೀರೆಯ ಅಡಿಯಲ್ಲಿ, ಹಿಂದಿ ಪೇಪರಿನಲ್ಲಿ ಸುತ್ತಿದ್ದ ಒಬ್ಬ ಪಿಂಗಾಣಿ ದೊರೆಸಾನಿ. ಕೈಯಲ್ಲಿ ಕೊಡೆ, ಉಬ್ಬಿದ ಲಂಗ. ತಿರುಗಿಸಿದೆ. ಬುಡದಲ್ಲಿ ನೀಲಿ ಬಣ್ಣದ ಎರಡು ಗೆರೆ, ಒಂದರ ಮೇಲೊಂದು ಅಡ್ಡ!

ಅಡ್ಡಹಾಕಿದ ಎರಡು ನೀಲಿ ಕತ್ತಿ ಯಾವುದೋ ಪರದೇಶದ ಹೆಸರಾಂತ ಕಾರ್ಖಾನೆಯ ಗುರುತು. ನಕಲಿಗಳೇ ಹೆಚ್ಚು ಎಂದೂ ವಿಡಿಯೊದಲ್ಲಿ ಹೇಳಿದ್ದರು, ಆದರೆ ಅದು ಬೇರೆಯವರಿಗೆ ಹೇಳಿದ್ದು. ಹೌಜ್ ಖಾಸ್‌ನ ಹಳೇ ಸಾಮಾನಿನ ಅಂಗಡಿಗೆ ಫೋಟೊ ಕಳಿಸಿದೆ. ಶನಿವಾರ ತನ್ನಿ ಎಂದರು.

ಶನಿವಾರದವರೆಗೆ ಬಾಯಿ ಕಟ್ಟಿಕೊಂಡಿರುವುದು ನನ್ನ ಕೈಲಾಗಲಿಲ್ಲ. ಕೆಳಗಿನ ಮನೆಯ ಉಡುಪಿ ಕಡೆಯ ಹೆಂಗಸನ್ನು ಚಹಾಕ್ಕೆ ಕರೆದು, ಗೊಂಬೆಯ ಸದ್ದು, ಹೊಳಪು, ಬೆರಳು ಎಲ್ಲವನ್ನೂ ವಿವರಿಸಿದೆ. ಅವರು ಒಂದೊಂದಕ್ಕೂ "ಅಚ್ಛಾ?" ಎಂದರು.

"ಮುಖ್ಯವಾದದ್ದು ಬುಡ. ನೀವೇ ತಿರುಗಿಸಿ ನೋಡಿ" ಎಂದು ಕೈಗೆ ಕೊಟ್ಟೆ.

ಅವರು ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದರು.

"ಅಯ್ಯೋ, ಈ ಇಂಟು ಮಾರ್ಕು ನಾನೇ ಹಾಕಿದ್ದಲ್ವಾ ಮಾರಾಯ್ರೆ! ಕೂಲರಿಗೆ ಬಳಿದು ಉಳಿದ ಪೇಂಟು. ನಮ್ಮದು ಇಂಟು ಮಾರ್ಕು, ನಿಮ್ಮ ಮನೆಯದ್ದು ಮೂರು ಚುಕ್ಕಿ."

ಆಗ ನೆನಪಾಯಿತು. ನಮ್ಮ ಬ್ಲಾಕಿನ ಕನ್ನಡದವರೆಲ್ಲ ಪ್ರತಿ ನವರಾತ್ರಿಗೆ ಒಂದೇ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಅದಲುಬದಲಾಗದಿರಲಿ ಎಂದು ಬುಡಕ್ಕೆ ಮನೆಗೊಂದು ಗುರುತು. ಆದರೂ ಇದು ನಮ್ಮ ಪೆಟ್ಟಿಗೆ ಸೇರಿಬಿಟ್ಟಿತ್ತು.

ಅವರು ಗೊಂಬೆಯನ್ನು ಸೆರಗಿನಿಂದ ಒರೆಸಿದರು. "ನಮ್ಮ ಅತ್ತೆ ಲಾಜಪತ್ ನಗರದ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು. ಅವರು ತಂದ ಕೊನೇ ಗೊಂಬೆ ಇದು. ಎಷ್ಟು ಹುಡುಕಿದೆ ಗೊತ್ತುಂಟಾ?" ಅವರ ಕಣ್ಣು ಒದ್ದೆಯಾಗಿತ್ತು.

ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರು ಇದನ್ನೇ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದರು. ಹೆಂಡತಿ ಒಳಗೆ ಹುಡುಕುತ್ತಿದ್ದಾಗ ಪೇಪರಿನ ಹಿಂದಿನಿಂದ ನಾನು, "ಹೋದರೆ ಹೋಯಿತು ಬಿಡಿ, ಅಂಥ ಗೊಂಬೆಗೆ ಏನು ಬೆಲೆ?" ಎಂದಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

ಅವರು ಚಹಾ ಮುಗಿಸಿ, ದೊರೆಸಾನಿಯನ್ನು ಎದೆಗೊತ್ತಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ ನಕ್ಕರು.

"ಅಲ್ಲ, ಅವತ್ತು ಇದಕ್ಕೆ ಏನು ಬೆಲೆ ಅಂತ ಕೇಳಿದ್ರಿ. ಈಗ ಎಷ್ಟಾಗಿದೆ?"

ನಾನು ಅವರ ಕಪ್ಪು ತೊಳೆಯಲು ಒಳಗೆ ಹೋದೆ. ಬೋರಲು ಹಾಕುವಾಗ ಅದರ ಬುಡವನ್ನೂ ನೋಡಲಿಲ್ಲ.