ಅಂಚಿನಲ್ಲಿದ್ದ ಐದನೆಯ ಹೆಸರು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ನಿಸರ್ಗವೆಂಬ ಕಲ್ಪನೆ ಹೇಗೆ ರೂಪುಗೊಂಡಿತೆಂದು ಬಲ್ಲವರ ನಡುವೆ ಪ್ರೊಫೆಸರ್ ಶಕೀಲಾ ಅವರ ಹೆಸರು ಗೌರವದಿಂದ ಕೇಳಿಬರುತ್ತದೆ. ಗಿರಣಿಗಳಿಗಾಗಿ ಕಾಡು ಕಡಿದು ಮುಗಿಸಿದ ಉತ್ತರದ ಊರುಗಳಲ್ಲಿ ಉಳಿದ ನಾಲ್ಕು ಮರಗಳೇ ದೇವಾಲಯವಾಗಿ ಕಂಡವು. ಅದೇ ಕಾಲಕ್ಕೆ ಕೆರೊಲಿನಾದ ಭತ್ತದ ಸೀಮೆಯ ಜೌಗು ನೆಲ ಜಮೀನ್ದಾರನಿಗೆ ಜ್ವರದ ಮನೆಯಾಗಿಯೂ, ಅವನಿಂದ ತಪ್ಪಿಸಿಕೊಂಡ ಗುಲಾಮನಿಗೆ ಆಸರೆಯಾಗಿಯೂ ಕಂಡಿತು. ನಿಂತ ನೆಲ, ಮಾಡುವ ಕೆಲಸ, ಕೇಳಿ ಬೆಳೆದ ಪ್ರಾರ್ಥನೆ ಇವೇ ನಮ್ಮ ನೋಟವನ್ನು ತಿದ್ದುತ್ತವೆ ಎಂದು ಅವರು ಮೂವತ್ತೊಂದು ವರ್ಷ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಕಲಿಸಿದರು. ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಮಾರಿಸ್‌ವಿಲ್‌ನ ಕನ್ನಡ ಗೆಳೆಯರು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಸಂತೋಷದ ಲೇಖನವೊಂದನ್ನು ಕೊಡೋಣವೆಂದು ಕುಳಿತೆ, ಆಗಲಿಲ್ಲ.

ನಾನು ಅವರ ವಿದ್ಯಾರ್ಥಿಯಾದದ್ದು 2012ರಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ನಮ್ಮನ್ನು ಜೌಗಿನ ದಡಕ್ಕೆ ಕರೆದೊಯ್ಯುತ್ತಿದ್ದರು. ಕಂಡದ್ದನ್ನು ಬರೆಯುವ ಮುನ್ನ ಹಾಳೆಯ ಅಂಚಿನಲ್ಲಿ ಎರಡು ಸಾಲು ಕಡ್ಡಾಯ: ಎಲ್ಲಿ ನಿಂತಿದ್ದೇನೆ, ಇಲ್ಲಿಗೆ ದಾರಿ ತೋರಿಸಿದವರು ಯಾರು. ನಾವು ಅದನ್ನು ಮೇಡಂ ಅವರ ಸಂಕಲ್ಪ ಎಂದು ತಮಾಷೆ ಮಾಡುತ್ತಿದ್ದೆವು. ಅವರೂ ನಕ್ಕು, ಪೂಜೆಗೆ ಕುಳಿತವರು ದೇಶಕಾಲ ಹೇಳಿಕೊಳ್ಳುವುದು ಒಳ್ಳೆಯ ಪದ್ಧತಿಯೇ ಎಂದರು. ಮಾರಿಸ್‌ವಿಲ್ ದೇವಸ್ಥಾನದ ಪುರೋಹಿತರು ಸಂಕಲ್ಪದಲ್ಲಿ ಗೋದಾವರಿಯ ಬದಲು ಯಾವ ನದಿ ಹೇಳುತ್ತಾರೆಂದು ಕೇಳಿ ಬರಲು ನನ್ನನ್ನೇ ಕಳುಹಿಸಿದರು. ನನ್ನ ವೀಸಾ ತಿರಸ್ಕೃತವಾದ ವರ್ಷ ಮೂರು ಕಡೆಗೆ ಪತ್ರ ಬರೆದರು. ವಾಷಿಂಗ್ಟನ್ ಬಳಿ ಹಳೆಯ ದಾಖಲೆಗಳನ್ನು ಕಾಪಾಡುವ ಪತ್ರಾಗಾರದಲ್ಲಿ ನನಗೆ ಕೆಲಸ ಸಿಕ್ಕಿದ್ದು ಅವರಿಂದಲೇ.

2021ರಲ್ಲಿ ಆ ಪತ್ರಾಗಾರಕ್ಕೆ ಕೆರೊಲಿನಾದ ಹಳೆಯ ಜಮೀನ್ದಾರನೊಬ್ಬನ ಸಸ್ಯಟಿಪ್ಪಣಿಗಳು ಸ್ಕ್ಯಾನಿಂಗಿಗೆ ಬಂದವು. ಅವನಿಗೆ ಗಿಡಗಳನ್ನು ಹುಡುಕಿ ತೋರಿಸಿದವರು ಗುಲಾಮರು. ಅವರ ಹೆಸರುಗಳನ್ನು ಅವನ ಮಗಳು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಳು: ಹ್ಯಾನಾ ತೋರಿಸಿದ್ದು, ಪ್ರಿನ್ಸ್ ತೋರಿಸಿದ್ದು. ಮೇಡಂ ಎರಡು ವರ್ಷ ಮೊದಲು ಅವನ ವಂಶಸ್ಥರ ಮನೆಯಲ್ಲಿ ಒಂದು ಮಧ್ಯಾಹ್ನ ಆ ಪುಸ್ತಕಗಳನ್ನು ತಿರುವಿ ನಾಲ್ಕು ಹೆಸರು ಬರೆದುಕೊಂಡಿದ್ದರು. ಉಳಿದವನ್ನು ಸ್ಕ್ಯಾನ್ ಆದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದರು. ಅವರು ಬರೆಯುತ್ತಿದ್ದ ಕೊನೆಯ ಪುಸ್ತಕ ನಿಂತಿದ್ದೇ ಆ ಹೆಸರುಗಳ ಮೇಲೆ.

ಅಂಚುಗಳು ತೇವಕ್ಕೆ ಕಪ್ಪಾಗಿದ್ದವು. ಪುಟ ಚೊಕ್ಕಟವಾಗಿ ಕಾಣಲೆಂದು ಎಲ್ಲ ಚಿತ್ರಗಳ ಅಂಚನ್ನೂ ಕತ್ತರಿಸಲು ಹೇಳಿದವನು ನಾನು. ಪೆನ್ಸಿಲಿನ ಗೀರುಗಳನ್ನು ನೋಡಿದ್ದೆ, ಕೊಳೆ ಎಂದುಕೊಂಡೆ. ಕತ್ತರಿಸದ ಪ್ರತಿಯನ್ನೂ ಇಡಲಿಲ್ಲ. ಪುಸ್ತಕಗಳು ಬೆಟ್ಟದ ಸೀಮೆಯಲ್ಲಿರುವ ಆ ಕುಟುಂಬಕ್ಕೆ ಮರಳಿದವು. 2024ರ ಪ್ರವಾಹ ಅವರ ನೆಲಮಾಳಿಗೆಗೆ ನುಗ್ಗಿತು. ಒಂದು ಪುಟವೂ ಉಳಿಯಲಿಲ್ಲ. ಆಮೇಲೆ ಮೇಡಂ ಅಂಚಿನ ಹೆಸರುಗಳನ್ನು ಕೇಳಿದಾಗಲೇ ನಾನು ಕತ್ತರಿಸಿದ್ದು ಏನೆಂದು ನನಗೆ ತಿಳಿದದ್ದು.

ಫೋನಿನಲ್ಲಿ ಹೇಳಲಾಗದೆ ಡರ್ಹಮ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಎಲ್ಲವನ್ನೂ ಕೇಳಿದ ಮೇಲೂ ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

"ಕ್ರಾಪ್ ಮಾಡೋವಾಗ ನೀನು ಎಲ್ಲಿ ನಿಂತಿದ್ದೆ ಯಶವಂತ್? ಅದನ್ನ ಬರಿ. ನನ್ನ ಬುಕ್‌ನಲ್ಲೇ ಬರಿ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಐದನೇ ಹೆಸರೂ ಓದಿದ್ದೆ ಕಣಪ್ಪ. ಹೆಂಗಸಿನ ಹೆಸರು. ಎಷ್ಟು ಟ್ರೈ ಮಾಡಿದ್ರೂ ನೆನಪಾಗ್ತಿಲ್ಲ," ಎಂದರು.

ಅವರು ಹೇಳಿದಂತೆಯೇ ಬರೆದುಕೊಟ್ಟಿದ್ದೇನೆ. ನಾಲ್ಕನೆಯ ಅಧ್ಯಾಯದಲ್ಲಿ ನಾಲ್ಕು ಹೆಸರುಗಳು, ಅವುಗಳ ಕೆಳಗೆ ಖಾಲಿ ಬಿಟ್ಟ ಒಂದು ಸಾಲು, ಅದರ ಕೆಳಗೆ ನನ್ನ ತಪ್ಪೊಪ್ಪಿಗೆ ಅಚ್ಚಾಗಲಿವೆ. ಜೌಗನ್ನು ಜ್ವರದ ಮನೆ ಎಂದ ಜಮೀನ್ದಾರನ ಕಣ್ಣನ್ನು ಪರೀಕ್ಷೆಯಲ್ಲಿ ಆರು ಪುಟ ಟೀಕಿಸಿ ಬರೆದವನು ನಾನು. ಹವಾನಿಯಂತ್ರಿತ ಕೋಣೆಯಲ್ಲಿ ನಿಂತ ನನ್ನ ಕಣ್ಣು ಅವನದಕ್ಕಿಂತ ಮೇಲಾಗಿರಲಿಲ್ಲ.

ಮೇಡಂ ಈಗಲೂ ದಿನಾ ಬೆಳಗ್ಗೆ ಆ ಕಾಲದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದಿ ನೋಡುತ್ತಾರೆ. ಯಾವುದೂ ಅದಲ್ಲ ಎನ್ನುತ್ತಾರೆ. ಅವರಿಗೆ ಬಹುಕಾಲದ ಆಯುಸ್ಸು, ಗಟ್ಟಿ ಆರೋಗ್ಯ, ಬರೆಯುವ ಕಸುವು ಇರಲೆಂದು ಹಾರೈಸುತ್ತೇನೆ. ನೆನಪು ಬಾರದೆಯೂ ಇರಬಹುದೆಂದು ನಮ್ಮಿಬ್ಬರಿಗೂ ಗೊತ್ತು. ಆದರೂ ಒಂದು ಬೆಳಗ್ಗೆ ಅವರು ಫೋನ್ ಮಾಡಲಿ. ನನ್ನ ಯೋಗಕ್ಷೇಮ ಕೇಳುವುದು ಬೇಡ, ಆ ಹೆಸರೊಂದನ್ನು ಹೇಳಿ ಇಟ್ಟುಬಿಡಲಿ.